ಕಾರಿನ ಮುಂದಿನ ಗ್ಲಾಸ್ ಸೋರುತ್ತಿದ್ದರೆ ‘ಅಡ್ಜಸ್ಟ್’ ಮಾಡ್ಕೋಬೇಡಿ

ಇವತ್ತಿನ ಕಂತಿನಲ್ಲಿ ನಾನು ಮಾತಾಡ್ತಿರೋದು ಒಂದು ಹಳೇ ಕಾರಿನ ಬಗ್ಗೆ, ಅದಕ್ಕೆ ಹಾಕಿಸಿದ ಹೊಸ ಗಾಜಿನ ಬಗ್ಗೆ. ಜೊತೆಗೆ ನಮ್ಮ ಬೆಂಗಳೂರಿನಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರೋ ಒಂದು ಮಾತಿನ ಬಗ್ಗೆ: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’ ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಕೆಲವರಿಗೆ ‘ನನ್ನ ಹತ್ರ ಕಾರೇ ಇಲ್ವಲ್ಲ’ ಅನ್ನಿಸಬಹುದು. ಪರವಾಗಿಲ್ಲ. ನಿಮ್ಮ ಅಪ್ಪನ ಹತ್ರ, ಮಾವನ ಹತ್ರ, ಊರಲ್ಲಿರೋ ಅಣ್ಣನ ಹತ್ರ ಒಂದು ಹಳೇ ಕಾರು ಇದ್ದೇ ಇರುತ್ತೆ. ಅವರಿಗಾದ್ರೂ ಹೇಳಿ.

ನಮ್ಮನೆ ಇರೋದು ದೊಡ್ಡನೆಕ್ಕುಂದಿಯಲ್ಲಿ. ಕಾರು 2007ರ ಸ್ಯಾಂಟ್ರೋ, ಅಪ್ಪ ರಿಟೈರ್ ಆಗೋ ವರ್ಷ ತಗೊಂಡಿದ್ದು. 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣ ಮಾಡಿಸಿ ಇನ್ನೂ ಓಡಿಸ್ತಿದ್ದೀವಿ. ‘ಮಾರಿಬಿಡಿ, ಹೊಸದು ತಗೊಳ್ಳಿ’ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದೆ. ಆಸ್ಪತ್ರೆ ಇಂದಿರಾನಗರದ ಕಡೆ. ಬೆಳಗ್ಗೆ 5 ಗಂಟೆಗೆ ಮನೆ ಬಿಡಬೇಕು. ಆ ಹೊತ್ತಲ್ಲಿ ಕ್ಯಾಬ್ ಬುಕ್ ಮಾಡಿ, ಕ್ಯಾನ್ಸಲ್ ಆಗಿ, ಇನ್ನೊಂದು ಬುಕ್ ಮಾಡಿ ಕಾಯೋ ಕಷ್ಟ ಗೊತ್ತಿರೋರಿಗೆ ಗೊತ್ತು. ಅಷ್ಟಕ್ಕೂ ಆ ಕಾರಿನ ಮುಂದಿನ ಎಡಗಡೆ ಸೀಟು ಅಪ್ಪನಿಗೆ ಸರಿಯಾಗಿ ಹೊಂದುತ್ತೆ. ಕಾಲು ನೀಡ್ಕೊಂಡು, ಸೀಟ್ ಸ್ವಲ್ಪ ಹಿಂದಕ್ಕೆ ಒರಗಿಸ್ಕೊಂಡು ಕೂರ್ತಾರೆ. ಹಾಗಾಗಿ ಕಾರು ಉಳೀತು.

ಗಾಜು ಒಡೆದ ಕಥೆ ಚಿಕ್ಕದು. ನಮ್ಮ ಔಟರ್ ರಿಂಗ್ ರೋಡಲ್ಲಿ ಮೆಟ್ರೋ ನೀಲಿ ಮಾರ್ಗದ ಕೆಲಸ ನಡೀತಾ ಇದೆ ಅಲ್ವಾ, ದೊಡ್ಡನೆಕ್ಕುಂದಿಗೂ ಒಂದು ಸ್ಟೇಷನ್ ಬರ್ತಿದೆ. ಮಹದೇವಪುರದ ಕಡೆಯಿಂದ ಬರ್ತಿದ್ದಾಗ ಮುಂದೆ ಒಂದು ಟಿಪ್ಪರ್ ಇತ್ತು. ಟಾರ್ಪಾಲ್ ಹಾಕಿರಲಿಲ್ಲ. ಟಪ್ ಅಂತ ಒಂದು ಜಲ್ಲಿ ಕಲ್ಲು ಬಂದು ಗಾಜಿಗೆ ಬಡೀತು. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಗುರುತು. ನಾನು ನೋಡಿ ಸುಮ್ಮನಾದೆ.

ನಾನು ಮಾಡಿದ ಮೊದಲನೇ ತಪ್ಪು ಅದೇ. ಅಷ್ಟು ಚಿಕ್ಕ ಏಟನ್ನು, ಅದು ಗಾಜಿನ ಅಂಚಿನಲ್ಲಿ ಇಲ್ಲದಿದ್ರೆ, ಡ್ರೈವರ್ ಕಣ್ಣಿಗೆ ನೇರವಾಗಿ ಇಲ್ಲದಿದ್ರೆ, ರೆಸಿನ್ ತುಂಬಿ ಅಲ್ಲೇ ನಿಲ್ಲಿಸಬಹುದು. ಅರ್ಧ ಗಂಟೆ ಕೆಲಸ. ನಾನು ಎರಡು ವಾರ ಬಿಟ್ಟೆ. ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರಿಗೆ ಒಮ್ಮೆಲೇ ಎಸಿ ಹಾಕಿದೆ. ಹೊರಗೆ ಕಾದ ಗಾಜು, ಒಳಗೆ ತಣ್ಣನೆ ಗಾಳಿ. ಆ ನಾಣ್ಯದ ಗುರುತಿನಿಂದ ಒಂದು ಗೆರೆ ಹೊರಟು ಇಡೀ ಗಾಜಿನ ಅಡ್ಡಕ್ಕೆ ಓಡಿಹೋಯ್ತು. ಕಣ್ಣೆದುರಿಗೇ ನೋಡ್ದೆ ನಾನು.

ಆದ್ರೂ ಗಾಜು ಪುಡಿಯಾಗಿ ಮೈಮೇಲೆ ಬೀಳಲಿಲ್ಲ. ಯಾಕೆ ಗೊತ್ತಾ? ಕಾರಿನ ಪಕ್ಕದ ಬಾಗಿಲಿನ ಗಾಜು ಬೇರೆ, ಮುಂದಿನ ಗಾಜು ಬೇರೆ. ಪಕ್ಕದ್ದು ಟಫನ್ಡ್ ಗ್ಲಾಸ್, ಒಡೆದ್ರೆ ಸಣ್ಣ ಸಣ್ಣ ಹರಳಾಗಿ ಉದುರುತ್ತೆ. ಮುಂದಿನದು ಲ್ಯಾಮಿನೇಟೆಡ್. ಎರಡು ಗಾಜಿನ ಹಾಳೆ, ಮಧ್ಯದಲ್ಲಿ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ, ಹೋಳಿಗೆ ಒಳಗೆ ಹೂರಣ ಇದ್ದ ಹಾಗೆ. ಗಾಜು ಸೀಳಿದ್ರೂ ಆ ಪದರ ತುಂಡುಗಳನ್ನ ಹಿಡಿದಿಟ್ಟುಕೊಳ್ಳುತ್ತೆ. ಎದುವಾರ್ ಬೆನೆಡಿಕ್ಟಸ್ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞನ ಲ್ಯಾಬಲ್ಲಿ ಒಂದು ಗಾಜಿನ ಫ್ಲಾಸ್ಕ್ ಕೆಳಗೆ ಬಿದ್ದು, ಬಿರುಕು ಬಿಟ್ರೂ ಚೂರಾಗಲಿಲ್ವಂತೆ. ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಅದನ್ನ ಹಿಡಿದಿತ್ತು. ಆ ವಿಚಾರವನ್ನೇ ಬೆಳೆಸಿ 1909ರಲ್ಲಿ ಆತ ಪೇಟೆಂಟ್ ತಗೊಂಡ. ನಮ್ಮ ದೇಶದಲ್ಲೂ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೇ ನಿಯಮದ ಪ್ರಕಾರ ಕಾರಿನ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು. ಶೇ 70ರಷ್ಟು ಬೆಳಕು ಒಳಗೆ ಬರಬೇಕು.

ಸರಿ, ಗಾಜು ಬದಲಾಯಿಸಬೇಕು. ಇನ್ಶೂರೆನ್ಸ್ ನೋಡಿದ್ರೆ ನಮ್ಮದು ಬರೀ ಥರ್ಡ್ ಪಾರ್ಟಿ. ಹಳೇ ಕಾರಲ್ವಾ ಅಂತ ಅಷ್ಟೇ ಮಾಡಿಸಿದ್ವಿ. ಅದರಲ್ಲಿ ನಮ್ಮ ಗಾಜಿಗೆ ಒಂದು ಪೈಸೆನೂ ಬರಲ್ಲ. ರಸ್ತೆ ಬದಿ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. 4,800 ರೂಪಾಯಿ ಅಂದ್ರು, ಫಿಟ್ಟಿಂಗ್ ಸೇರಿ. ‘ಬಿಲ್ ಬೇಕಾ ಮೇಡಮ್? ಬಿಲ್ ಆದ್ರೆ ಜಿಎಸ್‌ಟಿ ಸೇರುತ್ತೆ’ ಅಂದ್ರು. ಬೇಡ ಅಂದೆ. ಇದು ಎರಡನೇ ತಪ್ಪು.

ಒಂದೂವರೆ ಗಂಟೆಯಲ್ಲಿ ಕೆಲಸ ಮುಗೀತು. ಹಳೇ ಗಾಜು ಕಿತ್ತು, ಹೊಸದು ಕೂರಿಸಿ, ಟ್ಯೂಬಿನಿಂದ ಕಪ್ಪಗೆ ಏನೋ ಹಿಂಡಿ, ಬಟ್ಟೆಯಲ್ಲಿ ಒರೆಸಿ, ‘ಆಯ್ತು ಮೇಡಮ್, ಈಗಲೇ ಓಡಿಸ್ಕೊಂಡು ಹೋಗಿ’ ಅಂದ್ರು. ಕಾರೊಳಗೆ ಕೂತಾಗ ವಿನೆಗರ್ ಥರ ಹುಳಿ ವಾಸನೆ. ಹೊಸ ಗಮ್ಮಿನ ವಾಸನೆ ಇರಬೇಕು, ಹೋಗುತ್ತೆ ಅಂದ್ಕೊಂಡೆ. ಆ ವಾಸನೆ ಏನು ಹೇಳ್ತಾ ಇತ್ತು ಅನ್ನೋದನ್ನ ಆಮೇಲೆ ಹೇಳ್ತೀನಿ.

ಮೊದಲು ಬಂದಿದ್ದು ಸದ್ದು. ಹೊಸಕೋಟೆ ಕಡೆ ಹೋಗುವಾಗ ವೇಗ 60 ದಾಟಿದ ತಕ್ಷಣ ಮೇಲಿನ ಮೂಲೆಯಿಂದ ಶಿಳ್ಳೆ ಹೊಡೆದ ಹಾಗೆ ಸುಯ್ ಅಂತ ಸದ್ದು. 50ಕ್ಕೆ ಇಳಿಸಿದ್ರೆ ನಿಲ್ತಿತ್ತು. ಆಮೇಲೆ ಹಂಪ್ ದಾಟಿದಾಗೆಲ್ಲ ಡ್ಯಾಶ್‌ಬೋರ್ಡ್ ಹತ್ರ ಕಟಕಟ. ಅಂಗಡಿಗೆ ಹೋದೆ. ‘ಹಳೇ ಗಾಡಿ ಅಲ್ವಾ ಮೇಡಮ್, ಬಾಡಿ ಲೂಸ್ ಆಗಿರುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದ್ರು. ಅಂಚಿಗೆ ಇನ್ನೊಂದು ಸಲ ಗಮ್ಮು ಹಿಂಡಿ 300 ರೂಪಾಯಿ ತಗೊಂಡ್ರು. ಎರಡು ವಾರ ಬಿಟ್ಟು ಮತ್ತೆ ಹೋದಾಗ ಮತ್ತೆ ಅದೇ ಮಾತು, ಮತ್ತೆ ಅದೇ 300.

ಆಮೇಲೆ ಮಳೆ ಶುರುವಾಯ್ತು. ಒಂದು ದಿನ ಬೆಳಗ್ಗೆ ಅಪ್ಪನ್ನ ಆಸ್ಪತ್ರೆಗೆ ಬಿಟ್ಟು ಬಂದು ಕಾರು ಗುಡಿಸ್ತಾ ಇದ್ದೆ. ಎಡಗಡೆ ಮ್ಯಾಟ್ ಎತ್ತಿದೆ. ಕೆಳಗೆ ನ್ಯೂಸ್‌ಪೇಪರ್ ಮಡಚಿ ಇಟ್ಟಿತ್ತು. ಒಂದಲ್ಲ, ಐದಾರು ದಿನದ ಪೇಪರ್. ಒದ್ದೆಯಾಗಿ, ಮುದ್ದೆಯಾಗಿ, ನೆಲಕ್ಕೆ ಅಂಟಿಕೊಂಡಿತ್ತು. ಕಾರ್ಪೆಟ್ ಹಿಂಡಿದ್ರೆ ನೀರು.

ಸಂಜೆ ಅಪ್ಪನ್ನ ಕೇಳಿದೆ. ‘ಮಳೆ ಬಂದಾಗ ಕಾಲ ಮೇಲೆ ತೊಟ್ಟಿಕ್ಕುತ್ತೆ ಕಣಮ್ಮ. ಅದೇನ್ ಮಹಾ. ಪೇಪರ್ ಹಾಕ್ಕೊಂಡೆ’ ಅಂದ್ರು. ಎಷ್ಟು ದಿನದಿಂದ? ‘ಒಂದು ತಿಂಗಳಾಯ್ತೇನೋ. ನೀನು ಆಗಲೇ ಎರಡು ಸಲ ಅಂಗಡಿಗೆ ಅಲೆದಿದ್ದೀಯಲ್ಲ.’

ಡಯಾಲಿಸಿಸ್ ಮಾಡಿಸಿಕೊಂಡು ಸುಸ್ತಾಗಿ ಬರೋ ಮನುಷ್ಯ ಒಂದು ತಿಂಗಳು ಒದ್ದೆ ಕಾಲಲ್ಲಿ ಕೂತು ಬಂದಿದ್ದಾರೆ, ನನಗೆ ತೊಂದರೆ ಆಗಬಾರದು ಅಂತ. ಅಂಗಡಿಯವರು ನನಗೆ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರು. ನಾನು ಹೂಂ ಅಂದೆ. ಅದರ ಫಲ ಉಂಡಿದ್ದು ಅಪ್ಪ. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ಭಾನುವಾರ ನಾನೇ ಪರೀಕ್ಷೆ ಮಾಡೋಣ ಅಂತ ಕೂತೆ. ಇದನ್ನ ನೀವೂ ಮನೇಲಿ ಮಾಡಬಹುದು, ಅದಕ್ಕೇ ವಿವರವಾಗಿ ಹೇಳ್ತೀನಿ.

ಕಾಲ ಹತ್ರ ನೀರು ಬಂತು ಅಂದ ಮಾತ್ರಕ್ಕೆ ಗಾಜಿನದ್ದೇ ತಪ್ಪು ಅಂತ ಅಲ್ಲ. ಇನ್ನೂ ಮೂರು ಕಾರಣ ಇರಬಹುದು. ಒಂದು, ಎಸಿ ನೀರು. ಎಸಿ ನೀರು ಹೊರಗೆ ಹೋಗೋ ಪೈಪ್ ಕಟ್ಟಿಕೊಂಡ್ರೆ ಅದು ಒಳಗೇ ಸುರಿಯುತ್ತೆ. ಆಗ ಮಳೆ ಇಲ್ಲದ ದಿನವೂ ಒದ್ದೆ ಇರುತ್ತೆ. ಎರಡು, ಹೀಟರ್‌ನಿಂದ ಕೂಲೆಂಟ್ ಸೋರೋದು. ಅದು ಬಣ್ಣ ಇರುತ್ತೆ, ಕೈಗೆ ಜಿಡ್ಡು ಜಿಡ್ಡು, ಸಿಹಿ ಸಿಹಿ ವಾಸನೆ. ಮೂರು, ವೈಪರ್ ಕೆಳಗಡೆ ಜಾಲರಿ ಥರ ಕಪ್ಪು ಪ್ಲಾಸ್ಟಿಕ್ ಇದೆ ನೋಡಿ, ಅದರ ಕೆಳಗಿರೋ ಮೋರಿ. ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸೋರಿಗೆ ಇದು ಗೊತ್ತಿರಬೇಕು. ಎಲೆ, ಹೂವು ತುಂಬಿ ಆ ಮೋರಿ ಕಟ್ಟಿಕೊಂಡ್ರೆ ನೀರು ನಿಂತು ಒಳಗೆ ನುಗ್ಗುತ್ತೆ. ನಮ್ಮ ಕಾರಲ್ಲೂ ಒಂದು ಬೊಗಸೆ ಎಲೆ ಸಿಕ್ತು. ತೆಗೆದೆ. ಆದ್ರೂ ಸೋರೋದು ನಿಲ್ಲಲಿಲ್ಲ.

ಆಮೇಲೆ ಗಾಜಿನ ಪರೀಕ್ಷೆ. ಇಬ್ಬರು ಬೇಕು. ತಮ್ಮ ಒಳಗೆ ಟಾರ್ಚ್, ಒಣ ಟಿಶ್ಯೂ ಹಿಡ್ಕೊಂಡು ಕೂತ. ನಾನು ಹೊರಗಿಂದ ಪೈಪಲ್ಲಿ ನೀರು ಬಿಟ್ಟೆ. ಎರಡು ವಿಷಯ ನೆನಪಿಡಿ. ವಾಟರ್ ಸರ್ವಿಸ್ ಥರ ರಭಸದ ನೀರು ಬೇಡ, ಗಿಡಕ್ಕೆ ಬಿಡೋ ಹಾಗೆ ಮೆಲ್ಲಗೆ ಬಿಡಿ. ಮತ್ತೆ, ಕೆಳಗಿನಿಂದ ಮೇಲಕ್ಕೆ ಹೋಗಿ. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲಾ ಕಡೆ ಹರಿದು, ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಒಂದೊಂದು ಜಾಗದಲ್ಲೂ ಎರಡು ಮೂರು ನಿಮಿಷ. ಕೆಳಗಿನ ಅಂಚು ಸರಿ ಇತ್ತು. ಬಲಗಡೆ ಸರಿ ಇತ್ತು. ಎಡಗಡೆ ಮೇಲಿನ ಮೂಲೆಗೆ ಬಂದ ತಕ್ಷಣ ತಮ್ಮ ಕೂಗಿದ, ‘ಅಕ್ಕಾ, ಬಂತು!’ ನೀರು ಮೂಲೆಯಿಂದ ಒಳಗೆ ಬಂದು, ಬಾಗಿಲಿಗೂ ಗಾಜಿಗೂ ಮಧ್ಯ ಇರೋ ಕಂಬದ ಪ್ಲಾಸ್ಟಿಕ್ ಹಿಂದೆ ಇಳಿದು, ಸೀದಾ ಅಪ್ಪ ಕಾಲಿಡೋ ಜಾಗಕ್ಕೆ ಬೀಳ್ತಿತ್ತು. ಶಿಳ್ಳೆ ಸದ್ದು ಬರ್ತಿದ್ದಿದ್ದೂ ಅದೇ ಮೂಲೆಯಿಂದ.

ನೀರು ಬೇಡ ಅಂದ್ರೆ ಇನ್ನೊಂದು ದಾರಿ ಇದೆ. ಕಾರಿನ ಕಿಟಕಿ ಎಲ್ಲಾ ಮುಚ್ಚಿ, ಎಸಿ ಫ್ಯಾನನ್ನ ಹೊರಗಿನ ಗಾಳಿ ಎಳೆಯೋ ಹಾಗೆ ಇಟ್ಟು ಜೋರಾಗಿ ಓಡಿಸಿ. ಹೊರಗಿನಿಂದ ಗಾಜಿನ ಅಂಚಿಗೆ ಸೋಪು ನೀರು ಹಚ್ಚಿ. ತೂತು ಇರೋ ಕಡೆ ಗುಳ್ಳೆ ಏಳುತ್ತೆ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡೋ ಹಾಗೆ.

ಇದನ್ನೆಲ್ಲಾ ಫೋನಲ್ಲಿ ವಿಡಿಯೋ ಮಾಡ್ಕೊಂಡೆ. ಅದು ಆಮೇಲೆ ಉಪಯೋಗಕ್ಕೆ ಬಂತು.

ಪರಿಚಯದವರೊಬ್ಬರು ಶಿವಾಜಿನಗರದ ಒಂದು ಗಲ್ಲಿಯಲ್ಲಿರೋ ಭಾಯ್ ಹತ್ರ ಕಳಿಸಿದ್ರು. ವಯಸ್ಸಾದ ಮನುಷ್ಯ. ಕಾರಿನ ಗಾಜು ಬಿಟ್ಟು ಬೇರೆ ಕೆಲಸ ಮಾಡಲ್ಲ. ಕಾರು ನಿಲ್ಲಿಸಿದ ತಕ್ಷಣ ಮಾತಾಡಲಿಲ್ಲ. ಗಾಜಿನ ಸುತ್ತ ಬೆರಳಾಡಿಸ್ಕೊಂಡು ಬಂದ್ರು. ಆಮೇಲೆ ಕೇಳಿದ್ರು, ‘ಹಾಕಿದಾಗ ಹುಳಿ ವಾಸನೆ ಬಂತಾ ಮೇಡಮ್?’ ನಾನು ಬೆಚ್ಚಿಬಿದ್ದೆ. ಹೌದು ಅಂದೆ. ‘ಸಿಲಿಕಾನ್ ಹಾಕವ್ರೆ. ಬಾತ್‌ರೂಮ್ ಸಿಂಕ್‌ಗೆ ಹಾಕ್ತಾರಲ್ಲ, ಅದು.’

ನಿಮಗೆ ಹೇಳಬೇಕಾದ ಮುಖ್ಯ ವಿಷಯ ಇದೇ. ಸ್ಯಾಂಟ್ರೋ ಥರದ ಕಾರುಗಳಲ್ಲಿ, ಇವತ್ತಿನ ಬಹುತೇಕ ಕಾರುಗಳಲ್ಲೂ, ಮುಂದಿನ ಗಾಜನ್ನ ಬಾಡಿಗೆ ಅಂಟಿಸ್ತಾರೆ. ಅಂಟಿಸೋಕೆ ಪಾಲಿಯುರೆಥೇನ್ ಅನ್ನೋ ಅಂಟು ಬೇಕು, ಅಂಗಡಿಯವರು ‘ಪಿಯು’ ಅಂತಾರೆ. ಗಾಳಿಯಲ್ಲಿರೋ ತೇವ ಹೀರ್ಕೊಂಡು ಅದು ನಿಧಾನಕ್ಕೆ ಗಟ್ಟಿಯಾಗುತ್ತೆ. ಗಟ್ಟಿಯಾದ ಮೇಲೂ ದಪ್ಪ ರಬ್ಬರಿನ ಹಾಗೆ ಇದ್ದು ಗಾಜನ್ನ ಬಾಡಿಗೆ ಬಿಗಿಯಾಗಿ ಹಿಡಿಯುತ್ತೆ. ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಆ ಕೆಲಸಕ್ಕೆ ಅಲ್ಲ. ಅದು ನೀರು ತಡೆಯೋಕೆ ಮಾತ್ರ, ಗಾಜನ್ನ ಹೊತ್ಕೊಳ್ಳೋ ಶಕ್ತಿ ಅದಕ್ಕಿಲ್ಲ. ಹುಳಿ ವಾಸನೆ ಬರೋ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ. ವಿನೆಗರ್‌ನಲ್ಲಿರೋದೂ ಅದೇ. ಬರೀ ತಗಡಿನ ಮೇಲೆ ಅದು ಬಿದ್ರೆ ತುಕ್ಕಿಗೆ ಆಹ್ವಾನ ಕೊಟ್ಟ ಹಾಗೆ. ಇನ್ನೂ ಒಂದು ತೊಂದರೆ: ಒಂದು ಸಲ ಸಿಲಿಕಾನ್ ಮೆತ್ತಿಕೊಂಡ ಜಾಗಕ್ಕೆ ಆಮೇಲೆ ಪಿಯು ಹಾಕಿದ್ರೂ ಸರಿಯಾಗಿ ಕಚ್ಚಲ್ಲ. ನಾನು ಎರಡು ಸಲ 300 ಕೊಟ್ಟು ಹಿಂಡಿಸಿದ್ದು ರಿಪೇರಿ ಆಗಿರಲಿಲ್ಲ. ಮುಂದಿನ ರಿಪೇರಿಯನ್ನ ನಾನೇ ಕಷ್ಟ ಮಾಡ್ಕೊಂಡಿದ್ದೆ.

ಭಾಯ್ ಒಂದು ಹೆಣೆದ ಉಕ್ಕಿನ ತಂತಿ ತಗೊಂಡ್ರು. ಅಂಟಿನ ಮಧ್ಯೆ ತೂರಿಸಿ, ಒಳಗೊಬ್ಬ ಹುಡುಗ, ಹೊರಗೊಬ್ಬರು, ಗರಗಸದ ಹಾಗೆ ಎಳೆದು ಗಾಜು ಬಿಡಿಸಿದ್ರು. ಸಾಮಾನ್ಯವಾಗಿ ಇದಕ್ಕೆ ಬೆವರು ಸುರಿಸಬೇಕಂತೆ. ನಮ್ಮದು ಐದೇ ನಿಮಿಷಕ್ಕೆ ಬಂತು. ಎಡಗಡೆ ಮೇಲಿನ ಮೂಲೆಯಲ್ಲಿ ತಂತಿಯೇ ಬೇಕಾಗಲಿಲ್ಲ. ಅಲ್ಲಿ ಅಂಟು ಗಾಜಿಗೆ ತಾಗೇ ಇರಲಿಲ್ಲ. ಗಾಜು ಒಂದು ಕಡೆಗೆ ವಾಲಿಕೊಂಡು ಕೂತಿತ್ತು. ಕೆಳಗಡೆ ಗಾಜನ್ನ ತಡೆದು ನಿಲ್ಲಿಸೋ ಪುಟ್ಟ ರಬ್ಬರ್ ತುಂಡು ಹಾಕೇ ಇರಲಿಲ್ಲ.

ಆಮೇಲೆ ಗಾಜು ಕೂರೋ ತಗಡಿನ ಅಂಚು ತೋರಿಸಿದ್ರು. ಹಳೇ ಗಾಜು ಕೀಳುವಾಗ ಸ್ಕ್ರೂಡ್ರೈವರ್ ಹಾಕಿ ಮೀಟಿದ್ದಾರೆ, ಪೇಂಟ್ ಎದ್ದು ಹೋಗಿದೆ. ಅದರ ಮೇಲೆ ಪ್ರೈಮರ್ ಹಚ್ಚದೇ ಸಿಲಿಕಾನ್ ಹಾಕಿದ್ದಾರೆ. ಎರಡೂವರೆ ತಿಂಗಳಲ್ಲಿ ಕಂದು ಬಣ್ಣದ ತುಕ್ಕು ಪದರ ಪದರವಾಗಿ ಎದ್ದಿತ್ತು. ಭಾಯ್ ಉಗುರಲ್ಲಿ ಕೆರೆದ್ರು, ಉದುರಿತು. ‘ಇನ್ನೊಂದು ಮಳೆಗಾಲ ಬಿಟ್ಟಿದ್ರೆ ತಗಡೇ ತೂತು ಆಗ್ತಿತ್ತು. ಆವಾಗ ಗಾಜಿನ ಖರ್ಚಲ್ಲ ಮೇಡಮ್, ಟಿಂಕರಿಂಗ್ ಖರ್ಚು.’

ನಾನು ಕೇಳ್ದೆ, ‘ಭಾಯ್, ನೀರು ಬರೋದು ಬಿಟ್ರೆ ಇದರಿಂದ ಅಪಾಯ ಇತ್ತಾ?’ ಅವರು ಗಾಜಿನ ಮಧ್ಯ ಭಾಗಕ್ಕೆ ಕೈಯಿಟ್ಟು ಹೇಳಿದ್ರು, ‘ಇದು ಮನೆ ಕಿಟಕಿ ಅಲ್ಲ. ಇದೂ ಬಾಡಿನೇ.’

ಅವರು ಹೇಳಿದ್ದು ನಿಜ. ಅಂಟಿಸಿದ ಗಾಜು ಕಾರಿನ ಮೈಯ ಒಂದು ಭಾಗ. ಕಾರು ಪಲ್ಟಿ ಹೊಡೆದಾಗ ಮೇಲ್ಛಾವಣಿ ಜಜ್ಜಿಹೋಗದೇ ಇರೋಕೆ ಅದು ಒತ್ತಾಸೆ ಕೊಡುತ್ತೆ. ಮುಂದಿನಿಂದ ಡಿಕ್ಕಿಯಾದಾಗ ಒಳಗಿರೋರು ಹೊರಗೆ ಎಸೆಯಲ್ಪಡದ ಹಾಗೆ ತಡೆಯುತ್ತೆ. ಏರ್‌ಬ್ಯಾಗ್ ಇರೋ ಕಾರುಗಳಲ್ಲಿ ಇನ್ನೂ ಒಂದು ವಿಷಯ ಇದೆ. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನಿಂದ ಮೇಲಕ್ಕೆ ಚಿಮ್ಮಿ, ಗಾಜಿಗೆ ಒರಗಿ, ಆಮೇಲೆ ಮನುಷ್ಯನ ಕಡೆ ಉಬ್ಬುತ್ತೆ. ಗಾಜು ಸಡಿಲ ಇದ್ರೆ ಏರ್‌ಬ್ಯಾಗ್ ಗಾಜನ್ನೇ ಹೊರಗೆ ತಳ್ಳಿಬಿಡಬಹುದು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯವಾಯ್ತು, ಪಕ್ಕದ ಸೀಟಿನದ್ದು 2021ರಲ್ಲಿ. ಅವತ್ತು ಬಂದ ಕಾರುಗಳೂ ಈಗ ನಿಧಾನಕ್ಕೆ ಹಳೇ ಕಾರುಗಳಾಗ್ತಿವೆ, ಅವುಗಳ ಗಾಜೂ ರಸ್ತೆ ಬದಿಯಲ್ಲೇ ಬದಲಾಗುತ್ತೆ. ನಮ್ಮ ಸ್ಯಾಂಟ್ರೋದಲ್ಲಿ ಏರ್‌ಬ್ಯಾಗ್ ಇಲ್ಲ. ಅಂದ್ರೆ ಅಪ್ಪನ ಮುಂದೆ ಇದ್ದಿದ್ದು ಸೀಟ್ ಬೆಲ್ಟ್ ಮತ್ತೆ ಆ ಗಾಜು ಅಷ್ಟೇ. ಆ ಗಾಜು ನಿಂತಿದ್ದು ಬಾತ್‌ರೂಮಿನ ಗಮ್ಮಿನ ಮೇಲೆ.

ಭಾಯ್ ಕೆಲಸ ಎರಡು ದಿನ ಹಿಡೀತು. ಹೇಗೆ ಮಾಡಿದ್ರು ಅಂತ ಹೇಳ್ತೀನಿ, ಯಾಕಂದ್ರೆ ನಾಳೆ ನೀವು ಅಂಗಡಿಯಲ್ಲಿ ನಿಂತಾಗ ಏನು ನೋಡಬೇಕು ಅಂತ ಗೊತ್ತಿರಲಿ.

ಮೊದಲನೇ ದಿನ ಪೂರ್ತಿ ಬ್ಲೇಡಲ್ಲಿ ಸಿಲಿಕಾನ್ ಕೆರೆದು ತೆಗೆದ್ರು. ತುಕ್ಕನ್ನ ಬರೀ ತಗಡು ಕಾಣೋವರೆಗೂ ಉಜ್ಜಿ, ತುಕ್ಕು ನಿರೋಧಕ ಪ್ರೈಮರ್, ಅದರ ಮೇಲೆ ಪೇಂಟ್ ಹಚ್ಚಿ ಒಣಗೋಕೆ ಬಿಟ್ರು. ಒಂದೇ ದಿನಕ್ಕೆ ಕೊಡಿ ಅಂದೆ. ‘ಆಗಲ್ಲ’ ಅಂದ್ರು, ಅಷ್ಟೇ. ಮಾರನೇ ದಿನ ಆಸ್ಪತ್ರೆಗೆ ಹೋಗೋ ದಿನ ಅಲ್ಲದ್ದು ನಮ್ಮ ಪುಣ್ಯ.

ಅಂಗಡಿಯವರು ಹಾಕಿದ್ದ ಗಾಜು ಕೀಳುವಾಗ ಮೂಲೆಯಲ್ಲಿ ಸೀಳಿತು, ಬೇರೆ ಗಾಜು ತಗೋಬೇಕಾಯ್ತು. ಗಾಜಿನ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರೆ ಇರುತ್ತೆ. ತಯಾರಕರ ಹೆಸರು, ಲ್ಯಾಮಿನೇಟೆಡ್ ಅನ್ನೋ ಗುರುತು, ಐಎಸ್‌ಐ ಮುದ್ರೆ, ಅದರ ಜೊತೆ ಐಎಸ್ 2553 ಅನ್ನೋ ಸಂಖ್ಯೆ ನೋಡಿ ತಗೊಳ್ಳಿ. ವಾಹನಗಳ ಸುರಕ್ಷತಾ ಗಾಜಿನ ಭಾರತೀಯ ಮಾನದಂಡ ಅದು.

ಗಾಜಿನ ಸುತ್ತ ಅಂಚಿನಲ್ಲಿ ಕಪ್ಪು ಪಟ್ಟಿ, ಅದರ ಪಕ್ಕ ಕಪ್ಪು ಚುಕ್ಕೆಗಳು ಇರೋದನ್ನ ನೋಡಿರ್ತೀರಿ. ಅಲಂಕಾರಕ್ಕೆ ಅಂದ್ಕೊಂಡಿದ್ದೆ ನಾನು. ಅಲ್ಲ. ಪಿಯು ಅಂಟಿಗೆ ಬಿಸಿಲಿನ ಅತಿನೇರಳೆ ಕಿರಣ ಆಗಿಬರಲ್ಲ. ಆ ಕಪ್ಪು ಪಟ್ಟಿ ಅಂಟಿಗೆ ಕೊಡೆ ಹಿಡಿದ ಹಾಗೆ. ಭಾಯ್ ಅದರ ಮೇಲೆ ಕ್ಲೀನರ್, ಆಮೇಲೆ ಗಾಜಿನ ಪ್ರೈಮರ್ ಹಚ್ಚಿದ್ರು. ಹಚ್ಚಿದ ಜಾಗವನ್ನ ಬೆರಳಿಂದ ಮುಟ್ಟೋಕೂ ಬಿಡಲಿಲ್ಲ, ಕೈಯ ಎಣ್ಣೆ ಜಿಡ್ಡು ಸಾಕಂತೆ ಅಂಟು ಬಿಡೋಕೆ. ಆಮೇಲೆ ಗನ್ನಿನಿಂದ ಪಿಯು ಹಾಕಿದ್ರು. ಚಪ್ಪಟೆಯಾಗಿ ಅಲ್ಲ, ತ್ರಿಕೋನದ ಏಣಿನ ಹಾಗೆ ಎತ್ತರಕ್ಕೆ, ಎಲ್ಲೂ ಕಡಿಯದೇ ಒಂದೇ ಸುತ್ತು. ಗಾಜು ಒತ್ತಿದಾಗ ಆ ಏಣು ಅಮುಕಿ ಎಲ್ಲಾ ಕಡೆ ಸಮ ಕೂರುತ್ತೆ. ಇಬ್ಬರು ಹೀರುಬಟ್ಟಲು ಹಿಡಿದು ಗಾಜು ಎತ್ತಿ, ಅಳತೆ ನೋಡಿ, ಒಂದೇ ಸಲಕ್ಕೆ ಇಟ್ರು. ಅಂಚಿಗೆ ಟೇಪ್ ಹಾಕಿದ್ರು.

ಆಮೇಲೆ ನನಗೆ ಕಟ್ಟುನಿಟ್ಟಿನ ಸೂಚನೆ. ಎಷ್ಟು ಹೊತ್ತು ಓಡಿಸಬಾರದು ಅನ್ನೋದು ಅಂಟಿನ ಟ್ಯೂಬಿನ ಮೇಲೇ ಬರೆದಿರುತ್ತೆ, ಅಷ್ಟು ಹೊತ್ತು ಕಾರು ಅಲುಗಿಸಬೇಡಿ. ಒಂದು ದಿನ ಟೇಪ್ ಕೀಳಬೇಡಿ. ಒಂದು ಕಿಟಕಿಯನ್ನ ಎರಡು ಬೆರಳಷ್ಟು ಇಳಿಸಿಟ್ಟಿರಿ. ಎಲ್ಲಾ ಮುಚ್ಚಿ ಬಾಗಿಲು ದಢಾರ್ ಅಂತ ಹಾಕಿದ್ರೆ ಒಳಗಿನ ಗಾಳಿ ಹಸಿ ಅಂಟಿನ ಗಾಜನ್ನ ಹೊರಗೆ ತಳ್ಳುತ್ತೆ. ಎರಡು ದಿನ ವಾಟರ್ ಸರ್ವಿಸ್ ಬೇಡ. ಮೊದಲನೇ ಅಂಗಡಿಯವರು ಹೇಳಿದ್ದ ‘ಈಗಲೇ ಓಡಿಸ್ಕೊಂಡು ಹೋಗಿ’ ನೆನಪಾಯ್ತು.

ಖರ್ಚು? ಮೊದಲ ಅಂಗಡಿಗೆ 4,800, ಮೇಲೆ 600. ಭಾಯ್‌ಗೆ ಗಾಜು, ತುಕ್ಕಿನ ಕೆಲಸ ಎಲ್ಲಾ ಸೇರಿ 9,500. ಒಟ್ಟು 14,900. ಮೊದಲೇ ಸರಿಯಾಗಿ ಹಾಕಿಸಿದ್ರೆ ಅದರ ಅರ್ಧಕ್ಕೆ ಮುಗೀತಿತ್ತು.

ಹಳೇ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡಿರೋರಿಗೆ ಒಂದು ಮಾತು. ನಿಮ್ಮ ಕಾರಿನ ಗಾಜು ಅಂಟಿನ ಮೇಲಲ್ಲ, ರಬ್ಬರ್ ಬೀಡಿಂಗ್ ಮೇಲೆ ನಿಂತಿರುತ್ತೆ. ಬೀಡಿಂಗಿನ ಸಂದಿಗೆ ದಾರ ಸುತ್ತಿ, ಒಳಗಿಂದ ಎಳೀತಾ ಕೂರಿಸ್ತಾರೆ. ಅಲ್ಲಿ ಸೋರಿದ್ರೆ ಹೆಚ್ಚಾಗಿ ಬೀಡಿಂಗ್ ಒಣಗಿ ಗಟ್ಟಿಯಾಗಿರುತ್ತೆ. ಹಳೇ ಬೀಡಿಂಗಿಗೆ ಹೊಸ ಗಾಜು ಹಾಕಿ ದುಡ್ಡು ಉಳಿಸೋಕೆ ಹೋಗಬೇಡಿ, ಎರಡೂ ಬದಲಾಯಿಸಿ.

ಈಗ ದುಡ್ಡು, ಹಕ್ಕಿನ ವಿಚಾರ. ಪೂರ್ತಿ ಇನ್ಶೂರೆನ್ಸ್ ಇದ್ರೆ, ಅಂದ್ರೆ ಕಾಂಪ್ರಹೆನ್ಸಿವ್ ಇದ್ರೆ, ಕಾರು ಎಷ್ಟೇ ಹಳೇದಾಗಿದ್ರೂ ಗಾಜಿನ ಬೆಲೆಯಲ್ಲಿ ಸವಕಳಿ ಕಳೆಯೋದಿಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಳೀತಾರೆ, ಗಾಜಿಗೆ ಇಲ್ಲ. 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನಾವು ಭರಿಸಬೇಕಾದ್ದು 1,000 ರೂಪಾಯಿ. ಆದ್ರೆ ಕ್ಲೇಮ್ ಮಾಡಿದ್ರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗಬಹುದು. ಅದು ಎಷ್ಟು, ಗಾಜಿನ ಖರ್ಚು ಎಷ್ಟು ಅಂತ ಲೆಕ್ಕ ಹಾಕಿ ತೀರ್ಮಾನ ಮಾಡಿ.

ಬಿಲ್ ತಗೊಳ್ಳಿ. ನಾನು ತಗೊಳ್ಳಲಿಲ್ಲ, ಅದಕ್ಕೇ ಹೇಳ್ತಿದ್ದೀನಿ. ಗಾಜು, ಅಂಟು, ಕೂಲಿ ಬೇರೆ ಬೇರೆ ಬರೆಸಿ, ಸೋರಿದ್ರೆ ಎಷ್ಟು ದಿನದವರೆಗೆ ಸರಿಮಾಡಿ ಕೊಡ್ತಾರೆ ಅಂತಲೂ ಬರೆಸಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಇದು ಸೇವಾ ನ್ಯೂನತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದಕ್ಕೂ ಬಗ್ಗದಿದ್ರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಶುಲ್ಕ ಇಲ್ಲ.

ನನ್ನ ಹತ್ರ ಬಿಲ್ ಇರಲಿಲ್ಲ. ಆದ್ರೆ ಯುಪಿಐನಲ್ಲಿ ದುಡ್ಡು ಕಳಿಸಿದ ದಾಖಲೆ ಇತ್ತು, ನೀರು ಸೋರೋ ವಿಡಿಯೋ ಇತ್ತು, ಭಾಯ್ ಗಾಜು ಬಿಚ್ಚುವಾಗ ತೆಗೆದ ತುಕ್ಕಿನ ಫೋಟೋ ಇತ್ತು. ಎಲ್ಲಾ ಅಂಗಡಿಯವರ ವಾಟ್ಸಾಪ್‌ಗೆ ಕಳಿಸಿದೆ. ಜಗಳ ಮಾಡಲಿಲ್ಲ, ಬೈಯಲಿಲ್ಲ. ‘1915ಕ್ಕೆ ಫೋನ್ ಮಾಡೋ ಮೊದಲು ನಿಮ್ಮನ್ನ ಕೇಳ್ತಿದ್ದೀನಿ’ ಅಂತ ಮಾತ್ರ ಬರೆದೆ. ಎರಡು ದಿನ ಬಿಟ್ಟು 2,500 ವಾಪಸ್ ಬಂತು. ಪೂರ್ತಿ ಅಲ್ಲ. ಆದ್ರೆ ಅದರ ಕೆಳಗೆ ಒಂದು ಮೆಸೇಜ್ ಇತ್ತು: ‘ಮೇಡಮ್, ಪಿಯು ಎಲ್ಲಿ ಸಿಗುತ್ತೆ ಅಂತ ಅವರನ್ನ ಕೇಳಿ ಹೇಳ್ತೀರಾ?’ ನಿಜ ಹೇಳ್ತೀನಿ, ಅವರ ಮೇಲಿದ್ದ ಅರ್ಧ ಸಿಟ್ಟು ಅಲ್ಲೇ ಇಳೀತು. ಅವರಿಗೂ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಭಾಯ್‌ನ ಕೇಳಿ ತಿಳಿಸಿದೆ.

ಇನ್ನೊಂದು ಸಣ್ಣ ವಿಷಯ, ಎಲ್ಲರೂ ಮರೆಯೋದು. ಫಾಸ್ಟ್ಯಾಗ್ ಹಳೇ ಗಾಜಿನ ಮೇಲೆ ಅಂಟಿರುತ್ತೆ. ಕಿತ್ತು ಹೊಸದಕ್ಕೆ ಅಂಟಿಸಿದ್ರೆ ಕೆಲಸ ಮಾಡಲ್ಲ, ಕೀಳುವಾಗಲೇ ಹಾಳಾಗುತ್ತೆ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಬದಲಿ ಟ್ಯಾಗ್ ತರಿಸ್ಕೊಳ್ಳಿ. ನಾನು ಹೊಸಕೋಟೆ ಟೋಲಲ್ಲಿ ಹಿಂದಿನವರ ಹಾರ್ನ್ ಕೇಳ್ಕೊಂಡು ಇದನ್ನ ಕಲಿತೆ.

ಗಾಜು ಹಾಕಿಸಿದ ಮುಂದಿನ ವಾರ ಜೋರು ಮಳೆ ಬಂತು. ಬೆಳಗ್ಗೆ ಅಪ್ಪನ್ನ ಕೂರಿಸ್ಕೊಂಡು ಹೊರಟೆ. ಮಾರತ್ತಹಳ್ಳಿ ಸೇತುವೆ ದಾಟಿ ಹಳೇ ಏರ್‌ಪೋರ್ಟ್ ರಸ್ತೆಗೆ ಬರೋವರೆಗೂ ನನ್ನ ಒಂದು ಕಣ್ಣು ಅಪ್ಪನ ಕಾಲ ಮೇಲೇ ಇತ್ತು. ಅಪ್ಪ ಕೈಯಲ್ಲಿ ಪೇಪರ್ ಹಿಡ್ಕೊಂಡಿದ್ರು. ಅದನ್ನ ಕೆಳಗೆ ಹಾಕ್ತಾರೇನೋ ಅಂತ ನೋಡ್ತಾ ಇದ್ದೆ. ಹಾಕಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಒಳಗಿನ ಲೈಟ್ ಹಾಕ್ಕೊಂಡು ಓದೋಕೆ ಶುರು ಮಾಡಿದ್ರು.

‘ಏನಮ್ಮ ಹಾಗೆ ನೋಡ್ತೀಯ, ರಸ್ತೆ ನೋಡು’ ಅಂದ್ರು.

ನಿಮ್ಮ ಮನೆ ಕಾರಿನ ಎಡಗಡೆ ಮ್ಯಾಟನ್ನ ಇವತ್ತು ಸಂಜೆ ಒಂದು ಸಲ ಎತ್ತಿ ನೋಡಿ. ಕೈ ಒದ್ದೆಯಾದ್ರೆ ಅಡ್ಜಸ್ಟ್ ಮಾಡ್ಕೋಬೇಡಿ, ಪೈಪು ಟಾರ್ಚು ತಗೊಳ್ಳಿ. ಆ ಸೀಟಲ್ಲಿ ಕೂರೋರನ್ನೂ ಒಂದು ಮಾತು ಕೇಳಿ. ಅವರಾಗೇ ಹೇಳಲ್ಲ.